ರಾಜನಿಗೊಂದು ನೆಗೆತ

ಫೆಬ್ರುವರಿ 2, ಭಾನುವಾರ

ಥೂ.

ಹಿರಿಯೂರಿಗೆ ಹೋಗಿ ಕಿರಿಯನಾಗಿ ಬಂದೆ. ಆಟ ಮುಗಿದದ್ದು ಹದಿನೇಳನೇ ನಡೆಗೆ. ನಾನು ಸತ್ತದ್ದು ಹನ್ನೊಂದರಲ್ಲಿ. ಮಿಕ್ಕಿದ್ದು ಹೆಣದ ಮೆರವಣಿಗೆ.

ಎದುರಿಗೆ ಕೂತವಳು ಪಲ್ಲವಿ, ಮಾರಿಕಣಿವೆಯ ನೀರಾವರಿ ಕಚೇರಿಯವಳು. ಅಣೆಕಟ್ಟಿನ ನೀರು ಅಳೆಯುವ ಕೆಲಸವಂತೆ. ಇವತ್ತು ನನ್ನನ್ನೂ ಅಳೆದಳು. ಪಲ್ಲವಿ ಮುಗಿದು ಅನುಪಲ್ಲವಿ ಶುರುವಾಗುವಷ್ಟರಲ್ಲಿ ನನ್ನ ಚರಣಗಳು ಕುಸಿದಿದ್ದವು. ಈ ಶ್ಲೇಷೆಯನ್ನು ಬಸ್ಸಿನಲ್ಲಿ ಕೂತು ಮಾಡಿದೆ. ಸೋತವನಿಗೆ ಉಳಿಯುವುದು ಇಷ್ಟೇ.

ಅವಳು ಚೆನ್ನಾಗಿ ಆಡಿ ಸೋಲಿಸಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಸೋಲಿಸಿದ್ದು ನನ್ನ ಬಲಗೈ. ಹನ್ನೊಂದನೇ ನಡೆಯಲ್ಲಿ ಸ್ವಲ್ಪ ಇಕ್ಕಟ್ಟಾಯಿತು. ನಾನು ಯೋಚಿಸುತ್ತಾ ಕೂತಿದ್ದಾಗ ಆ ಕೈ ತಾನಾಗಿ ಹೋಗಿ ರಾಜನನ್ನು ಹಿಡಿದು, ಎತ್ತಿ, ಕುದುರೆಯ ಹಾಗೆ ನೆಗೆಸಿ, ಕಾಲಾಳಿನ ಬೆನ್ನ ಹಿಂದಿನ ಖಾಲಿ ಗೂಡಿನಲ್ಲಿ ಇಳಿಸಿ, ಗಡಿಯಾರವನ್ನೂ ಒತ್ತಿತು. ನಮ್ಮೂರ ಚದುರಂಗದಲ್ಲಿ ರಾಜನಿಗೆ ಶಹ, ಅಂದರೆ ಚೆಕ್, ಬೀಳುವ ತನಕ ಹಾಗೆ ಒಂದು ಸಲ ನೆಗೆಯುವ ಹಕ್ಕಿದೆ. ಪಂದ್ಯದ ಚದುರಂಗದಲ್ಲಿ ಇಲ್ಲ. ಇದು ನನಗೆ ಗೊತ್ತಿಲ್ಲವೇ? ಹತ್ತು ವರ್ಷದಿಂದ ಜಿಲ್ಲೆಯ ಪರವಾಗಿ ರಾಜ್ಯ ಪಂದ್ಯಕ್ಕೆ ಹೋಗುತ್ತಿರುವವನು ನಾನು. ನನಗೆ ಗೊತ್ತು, ಕೈಗೆ ಗೊತ್ತಿಲ್ಲ.

ಪಲ್ಲವಿ ತಕ್ಷಣ ಕೈ ಎತ್ತಿದಳು. “ಸಾರ್, ರಾಜನ್ನ ಮುಟ್ಟಿದ್ರು.”

ತೀರ್ಪುಗಾರ ರಂಗಸ್ವಾಮಿ ಹೊಸದುರ್ಗದ ಪಿ.ಟಿ. ಮೇಷ್ಟ್ರು, ಚದುರಂಗಕ್ಕೂ ಕೊರಳಲ್ಲಿ ಸೀಟಿ ಹಾಕಿಕೊಂಡು ಬರುತ್ತಾನೆ. ಬಗ್ಗಿ ನೋಡಿ, “ಏನ್ ಸಾರ್ ಇದು? ಹಿಂಗೆ ನೆಗೆಯೋ ರಾಜರು ವಿಧಾನಸೌಧದಾಗೆ ಅವ್ರೆ, ಇಲ್ಲಿಲ್ಲ” ಎಂದ. ಸುತ್ತ ಕೂತವರೆಲ್ಲ ನಕ್ಕರು. ಅದು ನಾನು ಮಾಡಬೇಕಾಗಿದ್ದ ಹಾಸ್ಯ, ಅದೂ ಕೈತಪ್ಪಿತು.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟೋಣವೆಂದರೆ ಅವಳ ಒಂಟೆ ದೂರದ ಅಂಚಿನಿಂದ ಆ ದಾರಿಗೇ ಕಣ್ಣು ನೆಟ್ಟಿತ್ತು. ರಾಜನಿಗೆ ಉಳಿದದ್ದು ಒಂದೇ ಮನೆ, ಮಂತ್ರಿಯ ಮುಂದೆ, ನಟ್ಟನಡು ಬಯಲಲ್ಲಿ. ಏಳು ಸುತ್ತಿನ ಕೋಟೆಯ ಊರಿನಿಂದ ಹೋದವನು ಕೋಟೆ ಕಟ್ಟಲಾಗದೆ ಸತ್ತ.

ಜಿಲ್ಲೆಯಿಂದ ರಾಜ್ಯ ಪಂದ್ಯಕ್ಕೆ ಹೋಗುವವರು ಒಬ್ಬರೇ. ಎರಡನೇ ಆಟ ಮಾರ್ಚ್ ಎರಡಕ್ಕೆ ಹೊಳಲ್ಕೆರೆಯಲ್ಲಿ. ನಾನು ಗೆದ್ದರೆ ಲೆಕ್ಕ ಸಮ, ಹೋದ ವರ್ಷದ ವಿಜೇತ ಅನ್ನುವ ನೆಲೆಯಲ್ಲಿ ಜಾಗ ನನಗೆ. ಡ್ರಾ ಆದರೂ ಜಾಗ ಅವಳದು.

ಸಂಘಟಕರು ಕೊಟ್ಟ ಚಹಾದ ಮೇಲೆ ಗೋಣಿಚೀಲದಷ್ಟು ದಪ್ಪ ಕೆನೆ ಇತ್ತು. ಅದನ್ನು ನೆನೆದರೆ ಈಗಲೂ ವಾಕರಿಕೆ.

ಫೆಬ್ರುವರಿ 4, ಮಂಗಳವಾರ

ಆಟವನ್ನು ಮೊಬೈಲಿನ ವಿಶ್ಲೇಷಕನಿಗೆ ಉಣಿಸಿದೆ. ಮೊದಲ ಐದು ನಡೆಗೆ ‘ಪುಸ್ತಕದ ನಡೆ’ ಎಂದು ಬೆನ್ನು ತಟ್ಟಿತು. ಬಿಳಿ ನನ್ನದು, ಇಟಾಲಿಯನ್ ಆರಂಭ. ದೀಪಾ ಭುಜದ ಮೇಲಿಂದ ಇಣುಕಿ, “ಇಟಾಲಿಯನ್ನೋ ಇಡ್ಲಿಯನ್ನೋ, ಮೊದಲು ತಿಂಡಿ ತಿನ್ರಿ” ಎಂದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಹೆಂಡತಿ ಶ್ಲೇಷೆ ಮಾಡಿದರೆ ಕನ್ನಡ ಮೇಷ್ಟ್ರಾದ ಗಂಡ ಏನು ಮಾಡಬೇಕು? ಇಡ್ಲಿ ತಿಂದೆ. ಅದೂ ಹುಳಿ.

ಹನ್ನೊಂದನೇ ನಡೆಗೆ ಬಂದಾಗ ಯಂತ್ರ ನಿಂತಿತು. ರಾಜನನ್ನು ಆ ಗೂಡಿಗೆ ಒಯ್ದರೆ ‘ಗರ್ರ್’ ಅಂತ ನಡುಗಿ ವಾಪಸ್ಸು ತಂದಿಡುತ್ತದೆ. ಮೂರು ಸಲ ಒಯ್ದೆ. ಮೂರು ಸಲವೂ ಗರ್ರ್. ನನ್ನ ತಪ್ಪು ಎಷ್ಟು ಕೀಳು ಎಂದರೆ, ಅದನ್ನು ತಪ್ಪೆಂದು ಕರೆಯಲೂ ಯಂತ್ರ ಒಪ್ಪುವುದಿಲ್ಲ.

ಫೆಬ್ರುವರಿ 6, ಗುರುವಾರ

ದೊಡ್ಡಪ್ಪ ಬಂದಿದ್ದಾನೆ. ಚಿತ್ತಪ್ಪ ಅಂತ ಹೆಸರು. ನನ್ನ ಚಿತ್ತ ಕೆಡಿಸಲೆಂದೇ ಇಟ್ಟದ್ದು. ಪೊರೆ ತೆಗೆಸಿಕೊಂಡ ಕಣ್ಣಿಗೆ ಕಪ್ಪು ಕನ್ನಡಕ, ಹೆಗಲಿಗೆ ಕುರಿವಾಸನೆಯ ಕಂಬಳಿ. ತಿಂಗಳೊಪ್ಪತ್ತು ತಲೆ ಬಗ್ಗಿಸಬಾರದಂತೆ. ಹೊತ್ತು ಹೊತ್ತಿಗೆ ಔಷಧಿ ಹನಿ ಹಾಕುವುದು ನನ್ನ ಪಾಲು. ಆ ಕಣ್ಣಿನ ಕೀವಿನಂಥ ಒಸರು, ಕೆನ್ನೆಗೆ ಇಳಿದು ಅಂಟುವ ಮುಲಾಮು... ಬೇಡ, ಊಟ ಆಗಿದೆ.

ಹಾಲುರಾಮೇಶ್ವರದ ಹತ್ತಿರದ ಹಟ್ಟಿಯಲ್ಲಿ, ಕುರಿ ರೊಪ್ಪದ ಪಕ್ಕದ ಬಂಡೆಯ ಮೇಲೆ ಮನೆ ಗೀರಿ, ನನಗೆ ಚದುರಂಗ ಕಲಿಸಿದವನು ಇವನೇ. ಆ ನೆಗೆತದ ಮೂಲಪುರುಷ ಈಗ ನನ್ನ ದಿವಾನದ ಮೇಲೆ ಕೂತಿದ್ದಾನೆ.

ಬಂದು ಗಳಿಗೆ ಆಗಿಲ್ಲ, “ಒಂದಾಟ ಹಾಕಾಣೇನಪ್ಪ?”

“ಇಲ್ಲ ದೊಡ್ಡಪ್ಪ.”

“ಯಾಕ?”

“ಪಂದ್ಯ ಐತೆ. ನಿನ್ನ ಜೊತೆ ಆಡಿದ್ರೆ ಕೈ ಕೆಡ್ತೈತೆ.”

“ಕೈ ಕೆಡ್ತೈತಾ? ನಾನೇನ್ ಸಗಣಿ ಏನ್ಲೇ?”

ದೀಪಾ ಅಡುಗೆಮನೆಯಲ್ಲಿ ಕಿಸಕ್ಕನೆ ನಕ್ಕಳು. ಮನೆಯೊಳಗೇ ಎದುರಾಳಿ ಪಕ್ಷ.

ಫೆಬ್ರುವರಿ 11, ಮಂಗಳವಾರ

ಸಿಕ್ಕಿತು. ಸಿಕ್ಕಬಾರದಿತ್ತು.

ನನ್ನ ಹಳೆಯ ಆಟಗಳನ್ನೆಲ್ಲ ಯಂತ್ರಕ್ಕೆ ಹಾಕಿದೆ. ಗೆದ್ದವೂ ಸೋತವೂ. ಹಿರಿಯೂರಿನ ತಪ್ಪು ಹನ್ನೊಂದನೇ ನಡೆಯದಲ್ಲ. ಆರರಲ್ಲೇ ಕೋಟೆ ಕಟ್ಟಬಹುದಿತ್ತು. ಏಳರಲ್ಲಿ ಕಟ್ಟಬಹುದಿತ್ತು, ಎಂಟರಲ್ಲಿ ಕಟ್ಟಬಹುದಿತ್ತು. ಕಟ್ಟಲಿಲ್ಲ. ಅದೊಂದೇ ಆಟದಲ್ಲಿ ಅಲ್ಲ, ಯಾವ ಆಟದಲ್ಲೂ ಹೊತ್ತಿಗೆ ಸರಿಯಾಗಿ ಕಟ್ಟಿಲ್ಲ. ಕಾಯಿಗಳನ್ನು ಊರೆಲ್ಲ ಸುತ್ತಿಸಿ, ರಾಜನನ್ನು ಮಾತ್ರ ನಡುಬಾಗಿಲಲ್ಲಿ ಕೂರಿಸಿ, ‘ಆಮೇಲೆ ನೋಡೋಣ’ ಅನ್ನುತ್ತಾ ಬಂದಿದ್ದೇನೆ. ಯಾಕೆಂದರೆ ಎಲುಬಿನಾಳದಲ್ಲಿ ಎಲ್ಲೋ ಒಂದು ನಂಬಿಕೆ: ಕಷ್ಟ ಬಂದರೆ ನೆಗೆಯಬಹುದು. ಇಲ್ಲದ ನೆಗೆತವನ್ನು ನಂಬಿಕೊಂಡು ಇಷ್ಟು ವರ್ಷ ಆಡಿದ್ದೇನೆ.

ದೀಪಾಗೆ ಹೇಳಿದೆ. ಅವಳು ಉತ್ತರಪತ್ರಿಕೆಯಿಂದ ತಲೆ ಎತ್ತದೆ, “ಗ್ಯಾಸ್ ಬುಕ್ ಮಾಡೋದೂ ಹಂಗೇ ಅಲ್ವಾ ನೀವು? ಒಲೆ ಆರಿದ ಮೇಲೆ” ಎಂದಳು.

ಈ ಮನೆಯಲ್ಲಿ ಆತ್ಮಜ್ಞಾನಕ್ಕೂ ಗೌರವವಿಲ್ಲ.

ದೊಡ್ಡಪ್ಪ ದಿವಾನದ ಮೇಲೆ ಗೋಡೆ ನೋಡುತ್ತಾ ಕೂತಿದ್ದ. ಆ ಗೋಡೆಯಲ್ಲಿ ನೋಡುವಂಥದ್ದೇನೂ ಇಲ್ಲ.

ಫೆಬ್ರುವರಿ 15, ಶನಿವಾರ

ಯಂತ್ರದ ಜೊತೆ ಆಡಿ ಆಡಿ ಓಕರಿಕೆ ಬಂದಿದೆ. ಅದು ತಪ್ಪು ಮಾಡುವುದಿಲ್ಲ, ಮಾಡಿದರೂ ದಾನ ಕೊಟ್ಟ ಹಾಗೆ ಮಾಡುತ್ತದೆ. ಮನುಷ್ಯರ ಜೊತೆ ಅಭ್ಯಾಸ ಬೇಕು. ನಮ್ಮ ಕಾಲೇಜಿನ ವಿಭಾಗದಲ್ಲಿ ಚದುರಂಗ ಆಡುವವರು ಯಾರೂ ಇಲ್ಲ. ಚದುರಂಗ ಹೂಡುವವರು ಬೇಕಾದಷ್ಟು.

“ದೊಡ್ಡಮಾವ ಸುಮ್ನೆ ಕೂತಿದಾರಲ್ಲ” ಎಂದಳು ದೀಪಾ.

ಷರತ್ತು ಹಾಕಿದೆ: ನೆಗೆತ ಇಲ್ಲ. ಕೋಟೆ ಕಟ್ಟುವುದು ಹೇಗೆಂದು ಹೇಳಿಕೊಟ್ಟೆ.

“ರಾಜ ಎರಡು ಮನೆ ಅತ್ತ, ಆನೆ ಅವನ ತಲೆ ದಾಟಿ ಇತ್ತ. ಆನೆ ನೆಗೀಬೋದು, ರಾಜ ನೆಗೀಬಾರ್ದು! ಯಾವನ್ಲೇ ಮಾಡಿದ್ದು ಈ ಕಾನೂನ?” ಎಂದ. ಆಮೇಲೆ, “ಆಗ್ಲಿ ಬಿಡಪ್ಪ. ನಿಮ್ಮ ಕಾನೂನೇ ನಡೀಲಿ.”

ತಲೆ ಬಗ್ಗಿಸುವ ಹಾಗಿಲ್ಲವಲ್ಲ, ನೆಟ್ಟಗೆ ಕೂತು, ಗೋಡೆಯ ಕ್ಯಾಲೆಂಡರಿಗೆ ಮುಖ ಮಾಡಿ, ನಡೆ ಕೂಗಿದ. “ಮಂತ್ರಿ ಮುಂದಿನ ಕಾಲಾಳು ಬಿಡು. ಎಡಗುದುರೆ ಆಚೆ ತಗಿ.” ಕಾಯಿ ಜರುಗಿಸುವ ಕೂಲಿ ನಾನೇ. ಬೇಗ ಸೋತ. ಸೋತದ್ದಕ್ಕೆ ಬೈಯಲೂ ಇಲ್ಲ. ಬೈಯದ ದೊಡ್ಡಪ್ಪನನ್ನು ನಾನು ಕಂಡದ್ದೇ ಕಡಿಮೆ.

“ಕಾಲಿಲ್ಲದ ರಾಜನ್ನ ಏನಂತ ಕಾಯಾದಪ್ಪ” ಎಂದಷ್ಟೇ ಹೇಳಿ ಕಂಬಳಿ ಎಳೆದುಕೊಂಡ.

ಗೆದ್ದೆ. ಬಾಯಿ ಕಹಿ. ಪಿತ್ತವಿರಬೇಕು.

ಫೆಬ್ರುವರಿ 18, ಮಂಗಳವಾರ

ಆಟ ಬೇಡವಂತೆ. ಚಹಾನೂ ಬೇಡವಂತೆ. ಅಭ್ಯಾಸ ಹಾಳು.

ಫೆಬ್ರುವರಿ 19, ಬುಧವಾರ

ಮುದುಕ ಊಟ ಬಿಟ್ಟರೆ ಆಸ್ಪತ್ರೆಗೆ ಓಡಾಡಬೇಕಾದವನು ನಾನು. ಅದಕ್ಕೇ ಒಂದು ನೆಗೆತ ಮಂಜೂರು ಮಾಡಿದೆ, ಹನಿಔಷಧಿಯ ಲೆಕ್ಕದಲ್ಲಿ.

ಕೇಳಿದ್ದೇ ತಡ ಕನ್ನಡಕದ ಹಿಂದೆ ಎರಡು ಹುಬ್ಬೂ ಎದ್ದು ಕೂತವು. ನಡೆ ಕೂಗುವ ದನಿಯೇ ಬೇರೆ. ಕುರಿಗಳನ್ನು ಕರೆಯುವ ದನಿ ಅದು, ಪಕ್ಕದ ಮನೆಯ ಮಲ್ಲಕ್ಕ ಯಾರೋ ಕರೆಯುತ್ತಿದ್ದಾರೆಂದು ಬಾಗಿಲಿಗೆ ಬಂದಳು. ಆಟ ಕುದಿಗೆ ಬಂದಾಗ, “ಈಗ ನೋಡ್ಲೇ... ನೆಗದಾ!” ಎಂದು ತೊಡೆ ತಟ್ಟಿದ. ರಾಜ ನೆಗೆದು ಗೂಡು ಸೇರಿದ. ನಾನು ಸೋತೆ. ನಾನು ಸೋತದ್ದನ್ನು ಮಲ್ಲಕ್ಕನಿಗೂ ವಿವರಿಸಿದ.

ಆಮೇಲೆ ಕೇಳಿದ. “ಹಿರಿಯೂರಾಗೆ ಏನಾತಪ್ಪ? ಆ ಆಟ ಹಾಕು, ಕೇಳಾಣ.”

ಕೂಗುತ್ತಾ ಹಾಕಿದೆ. ಹತ್ತು ನಡೆ ಸುಮ್ಮನೆ ಕೇಳಿದ. ಹನ್ನೊಂದಕ್ಕೆ, “ಅಲ್ಲೇ ನೆಗೀಬೇಕಿತ್ತು ಕಣಲೇ!”

“ನೆಗೆದೆ ದೊಡ್ಡಪ್ಪ. ನೆಗೆದಿದ್ದಕ್ಕೇ ಸೋತೆ.”

ಕನ್ನಡಕ ಸರಿ ಮಾಡಿಕೊಂಡ. ಆಮೇಲೆ ನಕ್ಕ. ನಗಬೇಡ, ಕಣ್ಣಿಗೆ ಆಯಾಸ ಅಂತ ಡಾಕ್ಟರು ಹೇಳಿದ್ದಾರೆ. ಮೈ ಕುಲುಕಿ ನಕ್ಕ. ನಕ್ಕವನು ತಟ್ಟನೆ ನಿಲ್ಲಿಸಿ ಕೇಳಿದ:

“ಲೇ ಚೇತನಾ. ನಾನ್ ಕಲ್ಸಿದ್ದಕ್ಕಾ ಸೋತಿದ್ದು?”

ಹೌದು ಎನ್ನಲೆಂದೇ ಬಾಯಿ ತೆಗೆದೆ. ಹದಿನೈದು ದಿನದಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತು.

“ಇಲ್ಲ, ಅಲ್ಲಿ ಚಹಾ ಸರಿ ಇರ್ಲಿಲ್ಲ” ಎಂದುಬಿಟ್ಟೆ.

“ಚಹಾ ಕೆಟ್ರೆ ಎಲ್ಲಾ ಕೆಡ್ತೈತೆ” ಎಂದು ತಲೆ ಆಡಿಸಿದ. ನಂಬಿದನೋ ಇಲ್ಲವೋ, ಕಪ್ಪು ಕನ್ನಡಕದಲ್ಲಿ ಏನು ಕಾಣುತ್ತದೆ.

ಅವನು ಮಲಗಿದ ಮೇಲೆ ಮೊಬೈಲಿನಲ್ಲಿ ಕಾಯಿಗಳನ್ನು ನಾನೇ ಜೋಡಿಸಿ, ರಾಜನನ್ನು ಆ ಗೂಡಿನಲ್ಲಿ ಕೂರಿಸಿ, ಇಲ್ಲಿಂದ ಯಾರು ಮೇಲು ಎಂದು ಯಂತ್ರವನ್ನು ಕೇಳಿದೆ. ‘ಬಿಳಿಗೆ ಸ್ಪಷ್ಟ ಮೇಲುಗೈ’ ಎಂದಿತು.

ಎಂಥಾ ಅಸಹ್ಯದ ಯಂತ್ರ.

ಫೆಬ್ರುವರಿ 23, ಭಾನುವಾರ

ಮುದುಕ ದಾರಿಗೆ ಬಂದಿದ್ದಾನೆ. ತಾನಾಗಿಯೇ, “ನಿನ್ನ ಪಂದ್ಯ ಮುಗಿಯಾಗಂಟ ನನಗೆ ನೆಗೆತ ಬ್ಯಾಡ. ನೋಡಿ ನೋಡಿ ನಿನ್ನ ಕೈಗೂ ಆಸೆ ಬರ್ತೈತೆ” ಎಂದ. ಈಗ ಆಟ ಶುರುವಾದರೆ ಸಾಕು, ಗೋಡೆಗೆ ಮುಖ ಮಾಡಿಕೊಂಡೇ, “ಕೋಟೆ ಕಟ್ಟಿದೇನಪ್ಪ?” ಅನ್ನುತ್ತಾನೆ. ನಾನು ಕುದುರೆ ಮುಟ್ಟಿದರೂ “ಕೋಟೆ ಕಟ್ಟಿದಾ?”, ಒಂಟೆ ಮುಟ್ಟಿದರೂ “ಮೊದ್ಲು ಕೋಟೆ.” ಬೆಳಿಗ್ಗೆ ಬಚ್ಚಲಿಗೆ ಹೊರಟರೂ ಅದೇ. ಇವನ ಕಾಟಕ್ಕೆ ಇವತ್ತು ಐದನೇ ನಡೆಗೇ ಕಟ್ಟಿದೆ. ಕೈಗೆ ಹೊಸ ಚಪ್ಪಲಿ ಹಾಕಿದ ಹಾಗಾಯಿತು.

ಎಲ್ಲ ಆಟ ನಾನೇ ಗೆದ್ದೆ. ಆದರೆ ಆಟ ಸಪ್ಪೆ, ಉಪ್ಪಿಲ್ಲದ ಮುದ್ದೆ. ಕೊನೆಯ ಆಟದಲ್ಲಿ ನಾನೇ, “ತಗೋ, ಒಂದು ನೆಗಿ” ಅಂದೆ.

“ಬ್ಯಾಡ ಅಂದ್ರೆ ಬ್ಯಾಡ.”

ಹಟಮಾರಿ. ಹನಿ ಹಾಕುವಾಗ ನೋಡಿದೆ, ಆ ಕಣ್ಣು ತಿಳಿಯಾಗುತ್ತಿದೆ. ಒಸರು ಈಗ ಅಷ್ಟು ಕೆಟ್ಟದಾಗಿ ಕಾಣುತ್ತಿಲ್ಲ. ಅಭ್ಯಾಸ ಆದರೆ ಎಲ್ಲವೂ ಸಹ್ಯವಾಗುತ್ತದೆ, ಕಾಲೇಜಿನ ಸಭೆಗಳ ಹಾಗೆ.

ಮಾರ್ಚ್ 1, ಶನಿವಾರ

ಸಿದ್ಧ. ಕಪ್ಪು ಕಾಯಿ ನನಗೆ. ಗೆಲ್ಲಲೇಬೇಕು. ಆ ಹುಡುಗಿ ಅವತ್ತು ಕೈ ಎತ್ತಿದ ರೀತಿ ಕಣ್ಣಿಂದ ಹೋಗುತ್ತಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿರುವ ಮಕ್ಕಳು ಎತ್ತುತ್ತಾರಲ್ಲ, ಹಾಗೆ. ನಾಳೆ ಅವಳು ಒಂದು ಕಾಯಿ ಸುಮ್ಮನೆ ಸವರಿದರೂ ಸಾಕು, ನಾನೂ ಎತ್ತುತ್ತೇನೆ.

ಮಾರ್ಚ್ 2, ಭಾನುವಾರ

ಹೊಳಲ್ಕೆರೆ. ಸಮುದಾಯ ಭವನ. ನಿನ್ನೆ ಯಾರದೋ ಮದುವೆಯಾಗಿತ್ತು, ಹಳಸಿದ ಸಾರಿನ ವಾಸನೆಯಲ್ಲಿ ಆಡಿದೆವು. ಪಾಯಸದ ಹನಿ ಬಿದ್ದ ಮೇಜಿಗೆ ನನ್ನ ಮೊಣಕೈ ಅಂಟಿಕೊಂಡಿತು. ಚಹಾ ಹಿರಿಯೂರಿನದೇ ತಳಿ.

ಐದನೇ ನಡೆಗೆ ಕೋಟೆ ಕಟ್ಟಿದೆ. ಪಲ್ಲವಿ ಕಟ್ಟಲಿಲ್ಲ. ಕುದುರೆ ಆಚೆ ತಂದಳು, ಕಾಲಾಳು ತಳ್ಳಿದಳು, ಮಂತ್ರಿಯನ್ನು ಸುತ್ತಾಡಿಸಿದಳು, ರಾಜ ಮಾತ್ರ ನಡುಬಾಗಿಲಲ್ಲಿ. ಒಂಬತ್ತು ನಡೆಯಾಯಿತು, ಹತ್ತಾಯಿತು. ನಾನು ಒಂಟೆಯನ್ನು ಅಂಚಿಗೆ ತಂದು ಅವಳ ಕೋಟೆಯ ದಾರಿಗೆ ಕಣ್ಣು ನೆಟ್ಟೆ, ಥೇಟು ಅವಳು ನನಗೆ ಮಾಡಿದ್ದ ಹಾಗೆ. ಅವಳು ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು.

ಆಮೇಲೆ ಅವಳ ಬಲಗೈ ಬಂತು. ಎರಡು ಬೆರಳು ರಾಜನ ಕಿರೀಟ ಹಿಡಿದವು. ರಾಜ ಕೂದಲೆಳೆಯಷ್ಟು ಮೇಲೆದ್ದ. ಕೈ ಬಲಕ್ಕೆ ವಾಲಿತು, ಆ ಗೂಡಿನ ಕಡೆಗೆ. ಕಾಲಾಳಿನ ಬೆನ್ನ ಹಿಂದಿನ ಖಾಲಿ ಗೂಡು.

ಆ ಕೈ ಎಲ್ಲಿಗೆ ಹೊರಟಿತ್ತೆಂದು ಹೊಳಲ್ಕೆರೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಿಂತಳು. ರಾಜನನ್ನು ಇದ್ದಲ್ಲೇ ಬಿಟ್ಟು ಕೈ ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಮುಖ ಬಿಳಿಚಿತ್ತು. ರಂಗಸ್ವಾಮಿ ಬೆನ್ನು ತಿರುಗಿಸಿ ಫ್ಲಾಸ್ಕಿನ ಹತ್ತಿರ ನಿಂತಿದ್ದ. ನಾನು ‘ಸಾರ್’ ಅಂದರೆ ಸಾಕಿತ್ತು. ರಾಜ ನಡುಬಯಲಿಗೆ ಬರುತ್ತಿದ್ದ, ಆಟ ನನ್ನದು, ಜಾಗ ನನ್ನದು.

ಬಾಯಲ್ಲಿ ಚಹಾ ಇತ್ತು. ನುಂಗಲೂ ಆಗದ ಉಗುಳಲೂ ಆಗದ ಚಹಾ. ಅಷ್ಟರಲ್ಲಿ ಹೊತ್ತು ಮೀರಿತು.

ಅವಳು ಕಾದಳು. ನಾನು ಮಾತಾಡುವುದಿಲ್ಲ ಎಂದಾದ ಮೇಲೆ ಒಂದು ಕಾಲಾಳನ್ನು ಮುಂದೆ ತಳ್ಳಿ ನನ್ನ ಒಂಟೆಯ ದಾರಿಗೆ ಅಡ್ಡ ನಿಲ್ಲಿಸಿದಳು. ಮುಂದಿನ ನಡೆಗೆ ಕೋಟೆ ಕಟ್ಟಿದಳು. ಆಮೇಲೆ ಇಬ್ಬರೂ ಚೆನ್ನಾಗಿಯೇ ಆಡಿದೆವು. ಕೊನೆಗೆ ಇಬ್ಬರು ರಾಜರೂ ಒಂದೊಂದು ಕಾಲಾಳೂ ಉಳಿದು ಒಬ್ಬರ ದಾರಿ ಒಬ್ಬರು ಕಟ್ಟಿಕೊಂಡು ನಿಂತರು. ಡ್ರಾ. ಜಾಗ ಅವಳದು.

ಬಸ್ ನಿಲ್ದಾಣದಲ್ಲಿ ಹುಡುಕಿಕೊಂಡು ಬಂದಳು.

“ಸಾರ್, ನೀವು ನೋಡಿದ್ರಿ.”

“ಏನು?”

“ನಾನು ಮುಟ್ಟಿದ್ದು.”

“ನಾನು ಚಹಾ ಕುಡೀತಿದ್ದೆನಮ್ಮ.”

“ಲೋಟ ಖಾಲಿ ಇತ್ತು ಸಾರ್.”

ಹೊಸದುರ್ಗದ ಬಸ್ಸು ಬಂತು ನೋಡಿ ಎಂದೆ. ಬಂದಿರಲಿಲ್ಲ. ಅವಳು ಹೋಗಬೇಕಾದದ್ದೂ ಹೊಸದುರ್ಗಕ್ಕಲ್ಲ.

“ನಮ್ಮ ತಾತ ಕಲಿಸಿದ್ದು ಸಾರ್ ಆ ನೆಗೆತ. ಅವತ್ತು ನಿಮ್ಮ ರಾಜ ನೆಗೆದ ತಕ್ಷಣ ಗೊತ್ತಾತು, ನಿಮಗೂ ಯಾರೋ ಹಂಗೇ ಕಲಿಸ್ಯಾರೆ ಅಂತ. ಅದಕ್ಕೇ ಬೇಗ ಕೈ ಎತ್ತಿದೆ. ತಡ ಮಾಡಿದ್ರೆ ನನ್ನ ಕೈ ಏಳ್ತಿರ್ಲಿಲ್ಲ.”

ಬಸ್ಸು ಬಂತು. ಹತ್ತಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಯಾರೋ ವಾಂತಿ ಮಾಡಿದ್ದರು, ಅದರ ಪಕ್ಕದಲ್ಲೇ ಚಿತ್ರದುರ್ಗದ ತನಕ ಬಂದೆ.

ಹತ್ತು ವರ್ಷದ ಜಾಗ ಒಂದು ಗುಟುಕು ಚಹಾಕ್ಕೆ ಹೋಯಿತು. ನನ್ನಂಥ ದಡ್ಡ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ನಿದ್ದೆ ಬರುತ್ತಿದೆ. ವಿಚಿತ್ರ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ದೊಡ್ಡಪ್ಪನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಇನ್ನು ತಲೆ ಬಗ್ಗಿಸಬಹುದಂತೆ, ಕನ್ನಡಕವೂ ಬೇಡವಂತೆ. ಮನೆಗೆ ಬಂದವನೇ ಹಲಗೆಯ ಮುಂದೆ ಕೂತ. ಮಂತ್ರಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಮುಖ ಕಿವುಚಿದ.

“ಥೂ! ಏನ್ ಕೊಳಕಲೇ ಇದು! ಇಂಥಾ ಜಿಡ್ಡುಗಟ್ಟಿದ ಕಾಯಿ ಮುಟ್ಟಿಸ್ತಿದ್ದೇನ್ ನನ್ನ ಕೈಲಿ?”

“ನೀನು ಮುಟ್ಟಿದ್ದೆಲ್ಲಿ, ನಡೆ ಕೂಗಿದ್ದಷ್ಟೇ.”

“ಗ್ವಾಡೆ ಮ್ಯಾಲೆ ಅದೇನ್ಲೇ, ಜೇಡರ ಬಲೆ? ನಿನ್ನ ಮಕ ಏನಲೇ ಹಿಂಗಾಗೈತೆ, ಗಡ್ಡ ಬಿಟ್ಟು?” ಹೊಸ ಕಣ್ಣಿಗೆ ಇಡೀ ಮನೆ ಹೇಸಿಗೆ. ದೀಪಾ ನಕ್ಕು ನಕ್ಕು ಪೊರಕೆ ಹುಡುಕಿದಳು.

ಹೊಳಲ್ಕೆರೆಯ ಆಟ ಹಾಕು ಎಂದ. ಮೊಬೈಲ್ ತೆಗೆದರೆ ಯಂತ್ರ ‘ವಿಶ್ಲೇಷಿಸಲೇ?’ ಎಂದು ಕೇಳಿತು. ಮುಚ್ಚಿಟ್ಟು, ಹಲಗೆಯ ಮೇಲೇ ಹಾಕಿದೆ. ಅವಳ ಕೈ ನಿಂತ ಜಾಗಕ್ಕೆ ಬಂದಾಗ ದೊಡ್ಡಪ್ಪ ಬಗ್ಗಿ, ಮೂಗು ತಾಗುವ ಹಾಗೆ ಬಗ್ಗಿ, ನೋಡಿದ.

“ಆ ಹುಡುಗಿ ಇಲ್ಲಿ ನೆಗೀಬೇಕಿತ್ತು.”

“ಅವಳ ಕೈ ನೆಗೆಯೋಕೆ ಹೊರಟಿತ್ತು ದೊಡ್ಡಪ್ಪ.”

ತಲೆ ಎತ್ತಿ ನನ್ನನ್ನು ನೋಡಿದ. ಆ ಕಣ್ಣಿಗೆ ಈಗ ಬಹಳ ಕಾಣುತ್ತದೆ, ಒಳ್ಳೆಯದಲ್ಲ.

“ನೀನೇನ್ ಮಾಡ್ದೆ?”

“ಚಹಾ ಕುಡೀತಿದ್ದೆ.”

“ಹೂಂ” ಎಂದ. ಅವಳ ರಾಜನನ್ನು ಬೆರಳಲ್ಲಿ ತಟ್ಟಿ, “ಕರಿ ಆ ಹುಡುಗೀನ ಒಂದಿನ. ಮಾರಿಕಣಿವೆ ಏನ್ ದೂರ” ಎಂದ.

ಕರೆಯಬೇಕಂತೆ. ನನ್ನ ಜಾಗ ಕಿತ್ತುಕೊಂಡವಳನ್ನು ನಾನೇ ಫೋನು ಮಾಡಿ ಮನೆಗೆ ಕರೆದು ಮುದ್ದೆ ಹಾಕಬೇಕು. ಭಾನುವಾರ ಬರುತ್ತಾಳಂತೆ, ತಾತನನ್ನೂ ಕರೆದುಕೊಂಡು.

ಸಂಜೆ ಕಾಯಿಗಳನ್ನೆಲ್ಲ ಸೋಪು ಹಾಕಿ ತೊಳೆದೆ. ನೀರು ಕಪ್ಪಗೆ ಬಂತು, ನೋಡಲಾಗಲಿಲ್ಲ. ಬಿಳಿ ರಾಜನ ತಲೆಯ ಸಂದಿಯಲ್ಲಿ ಎಷ್ಟು ವರ್ಷದ್ದೋ ಕಸ ಕೂತಿತ್ತು, ಕಡ್ಡಿ ಹಾಕಿ ತೆಗೆದೆ. ಈಗ ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೇನೆ. ಒಣಗುವ ತನಕ ಕಾಯುವ ತಾಳ್ಮೆ ದೊಡ್ಡಪ್ಪನಿಗಿಲ್ಲ, ಒಳಗಿನಿಂದ ಕೂಗುತ್ತಿದ್ದಾನೆ.

ಒಂದೊಂದು ನೆಗೆತ, ಇಬ್ಬರಿಗೂ. ಬಿಳಿ ನನ್ನದು.